ಅಂಬಾಸಿಡರ್ ಹೆಡ್ಡಿನಲ್ಲಿ ಮುರಿದುಳಿದ ಸ್ಟಡ್: ಹೆಡ್ ಇಳಿಸಲೇಬೇಕೆ?

ಪ್ರಶ್ನೆ: ನಾವು ಗಂಗಾವತಿಯವರು. ನಮ್ಮಜ್ಜ 1977ರಲ್ಲಿ ಕೊಂಡ ಅಂಬಾಸಿಡರ್ ಮಾರ್ಕ್ 3 ಪೆಟ್ರೋಲ್ ಕಾರು ಈಗಲೂ ಮನೆಯಲ್ಲಿದೆ. ಎಂಜಿನ್ನಿನ ಪಕ್ಕದ ಗಾಳಿ-ಹೊಗೆ ಕೊಳವೆಗಳ, ಅಂದರೆ ಮ್ಯಾನಿಫೋಲ್ಡಿನ, ಗ್ಯಾಸ್ಕೆಟ್ ಸುಟ್ಟು ಟಪಟಪ ಸದ್ದು ಬರುತ್ತಿತ್ತೆಂದು ಬಿಚ್ಚಿಸಲು ಹೋದಾಗ, ಎಲ್ಲಕ್ಕಿಂತ ಹಿಂದಿನ, ಎಂಜಿನ್ನಿಗೂ ಸೀಟುಗಳ ಜಾಗಕ್ಕೂ ನಡುವಿನ ತಗಡಿನ ಗೋಡೆಯಾದ ಫೈರ್‌ವಾಲ್‌ಗೆ ಅಂಟಿಕೊಂಡಂತಿರುವ ಸ್ಟಡ್ (ತಲೆಯಿಲ್ಲದ, ಎರಡೂ ತುದಿಗೆ ಥ್ರೆಡ್ ಇರುವ ಬೋಲ್ಟು) ಹೆಚ್ಚುಕಡಿಮೆ ಹೆಡ್ಡಿನ (ಎಂಜಿನ್ನಿನ ಮೇಲಿನ ಮುಚ್ಚಳದ) ಮಟ್ಟಕ್ಕೆ ಮುರಿದು ಒಳಗೇ ಉಳಿಯಿತು. ಮೇಸ್ತ್ರಿಯವರು ಕೈ ಡ್ರಿಲ್ಲಿನಿಂದ 3 ಮಿಲಿಮೀಟರಿನ ತೂತು ಹೊಡೆದರು. ಅದು ನಡುವಿಗೆ ಬೀಳದೆ ಫೈರ್‌ವಾಲ್ ಕಡೆಗೆ ಸರಿದಿದೆ. ಈಜಿ ಔಟ್ (ಮುರಿದ ಬೋಲ್ಟಿನ ತೂತಿಗೆ ಬಡಿದು, ತಿರುಗಿಸಿ ತೆಗೆಯುವ ಉಪಕರಣ) ಹಾಕಿ ತಿರುಗಿಸೋಣ ಎಂದು ಅವರು, ಹೆಡ್ ಇಳಿಸದೆ ಆಗದು ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಯಾರ ಮಾತು ಕೇಳಲಿ?

ಉತ್ತರ: ಈಜಿ ಔಟ್ ಸದ್ಯಕ್ಕೆ ಪೆಟ್ಟಿಗೆಯಲ್ಲೇ ಇರಲಿ, ಹೆಡ್ ಇಳಿಸುವ ವಿಚಾರವನ್ನೂ ಎರಡು ದಿನ ಮುಂದಕ್ಕೆ ಹಾಕಿ. ತೂತು ಫೈರ್‌ವಾಲ್ ಕಡೆಗೇ ಸರಿದಿದೆ ಎಂದು ನೀವು ಬರೆದಿರುವ ಒಂದು ಸಾಲಿನಲ್ಲಿ ನಿಮ್ಮ ತೊಂದರೆಯ ಅರ್ಧ ಉತ್ತರವಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಈಜಿ ಔಟ್ ಏಕೆ ಬೇಡವೆಂಬುದನ್ನು ಹೇಳಿಬಿಡುತ್ತೇನೆ, ಏಕೆಂದರೆ ಈ ಉತ್ತರ ನಿಮ್ಮ ಕೈ ಸೇರುವ ಮುನ್ನವೇ ಮೇಸ್ತ್ರಿಯವರು ಅದನ್ನು ಬಡಿದಿರಬಾರದು ಎಂಬುದೇ ನನ್ನ ಆತಂಕ.

ನಿಮ್ಮ ಕಾರಿನ ಎಂಜಿನ್ 1489 ಸಿಸಿಯ, ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸರಣಿಯದು. ಅದರ ಹೆಡ್ ಎರಕದ ಕಬ್ಬಿಣದ್ದು, ಮ್ಯಾನಿಫೋಲ್ಡ್ ಸ್ಟಡ್ಡುಗಳು 5/16 ಇಂಚಿನವು, ಅಂದರೆ 7.94 ಮಿಲಿಮೀಟರ್ ದಪ್ಪದವು. ಅಷ್ಟು ದಪ್ಪದ ಸ್ಟಡ್ ತಿರುಗುವ ಬದಲು ಮುರಿದಿದೆ ಎಂದರೆ, ಥ್ರೆಡ್ಡಿನಲ್ಲಿ ಹಿಡಿದಿರುವ ತುಕ್ಕಿನ ಹಿಡಿತವು ಸ್ಟಡ್ಡಿನ ಇಡೀ ಶಕ್ತಿಗಿಂತ ಹೆಚ್ಚಿನದು ಎಂದಾಯಿತು. ಈಜಿ ಔಟ್ ಹಾಕಬೇಕಾದರೆ ಅದರೊಳಗೆ ಸುಮಾರು 4 ಮಿಲಿಮೀಟರಿನ ತೂತು ಕೊರೆದು, ಅದಕ್ಕೆ ಹೊಂದುವ ಸಣ್ಣ ಉಪಕರಣವನ್ನು ಬಡಿದು ಕೂರಿಸಬೇಕು. ದುಂಡನೆಯ ಉಕ್ಕಿನ ಕಡ್ಡಿಯೊಂದು ತಿರುಚುವ ಬಲವನ್ನು ತಾಳಿಕೊಳ್ಳುವ ಶಕ್ತಿಯು ಅದರ ವ್ಯಾಸದ ಘನಕ್ಕೆ ಅನುಗುಣವಾಗಿರುತ್ತದೆ, ಅಂದರೆ ದಪ್ಪ ಅರ್ಧವಾದರೆ ಶಕ್ತಿ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಈಜಿ ಔಟಿನ ಉಕ್ಕು ಸ್ಟಡ್ಡಿನ ಉಕ್ಕಿಗಿಂತ ಗಟ್ಟಿಯೇನೋ ಹೌದು, ಆದರೆ ಎಂಟು ಪಟ್ಟು ಗಟ್ಟಿಯಲ್ಲ; ಗಟ್ಟಿತನ ಹೆಚ್ಚಿದಷ್ಟೂ ಅದು ಬಾಗದೆ ಬಳಪದಂತೆ ಪಟ್ಟನೆ ತುಂಡಾಗುತ್ತದೆ. ಇದರ ಮೇಲೆ ಅದರ ಆಕಾರ ಬೆಣೆಯದ್ದು. ಒಳಗಿಳಿದಷ್ಟೂ ಸ್ಟಡ್ಡನ್ನು ಹೊರಕ್ಕೆ ಹಿಗ್ಗಿಸಿ, ಮೊದಲೇ ಬಿಗಿಯಾಗಿರುವ ಥ್ರೆಡ್ಡನ್ನು ಇನ್ನಷ್ಟು ಬಿಗಿ ಮಾಡುತ್ತದೆ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಬಳ್ಳಾರಿಯ ಕೌಲ್ ಬಜಾರಿನ ಒಂದು ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದಾಗ, ಗಣಿ ಕೆಲಸಕ್ಕೆ ಓಡುತ್ತಿದ್ದ ಹಳೆಯ ಜೀಪೊಂದರ ಹೆಡ್ಡಿನಲ್ಲಿ ನಾನೇ ಒಂದು ಈಜಿ ಔಟ್ ಮುರಿದೆ. ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ತಿರುಗಿಸುವ ಹಿಡಿಕೆಯಲ್ಲಿ ಕೈಗೆ ಒಂದಿಷ್ಟು ಸಡಿಲವಾದಂತೆ ಅನ್ನಿಸಿ, ಬರುತ್ತಿದೆ ಎಂದು ಖುಷಿಪಟ್ಟ ಮರುಕ್ಷಣವೇ ಟಿಕ್ ಎಂಬ ಸಣ್ಣ ಸದ್ದು ಬಂತು. ಸಡಿಲವಾಗಿದ್ದು ಸ್ಟಡ್ಡಲ್ಲ, ತಿರುಚಿಕೊಳ್ಳುತ್ತಿದ್ದ ಈಜಿ ಔಟ್. ಮುರಿದ ಈಜಿ ಔಟನ್ನು ಸಾಮಾನ್ಯ ಹೈಸ್ಪೀಡ್ ಡ್ರಿಲ್ ಬಿಟ್ ಕೊರೆಯುವುದಿಲ್ಲ, ಅದರ ಮೇಲೆ ಜಾರಿ ಪಕ್ಕದ ಮೆತ್ತನೆಯ ಕಬ್ಬಿಣವನ್ನು ತಿನ್ನುತ್ತದೆ. ಆಮೇಲೆ ಉಳಿಯುವ ದಾರಿಗಳು ಕಾರ್ಬೈಡ್ ಬರ್ ಹಿಡಿದು ಚೂರುಚೂರಾಗಿ ಸವೆಸುವುದು, ಇಲ್ಲವೇ ಹೆಡ್ ಇಳಿಸಿ ಟೂಲ್ ರೂಮಿಗೆ ಒಯ್ದು ವಿದ್ಯುತ್ ಕಿಡಿಯಿಂದ ಲೋಹ ಸವೆಸುವ ಸ್ಪಾರ್ಕ್ ಎರೋಷನ್ ಯಂತ್ರದಲ್ಲಿ ತೆಗೆಸುವುದು. ಆ ಜೀಪಿನ ಹೆಡ್ ಇಳಿಸುವಾಗ ಮಾಲೀಕರ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ಅಂದಿನಿಂದ ತುಕ್ಕು ಹಿಡಿದು ಮುರಿದ ಸ್ಟಡ್ಡಿಗೆ ನಾನು ಈಜಿ ಔಟ್ ಹಾಕಿಲ್ಲ. ತುಕ್ಕಿಲ್ಲದೆ, ಬರೀ ಅತಿಯಾಗಿ ಬಿಗಿದದ್ದರಿಂದ ಮುರಿದ ಬೋಲ್ಟಿಗೆ ಅದು ಸಲ್ಲುತ್ತದೆ. ಅಂಥ ಬೋಲ್ಟು ಎಷ್ಟೋ ಸಲ ಚೂಪಾದ ಪಂಚಿನಿಂದ ಅಂಚಿಗೆ ತಟ್ಟಿ ಸುತ್ತಿಸಿದರೇ ಹೊರಬಂದುಬಿಡುತ್ತದೆ.

ನಿಮ್ಮದು ಯಾವ ಬಗೆಯದೆಂದು ತಿಳಿಯಲು ಮುರಿದ ಮುಖವನ್ನು ನೋಡಬೇಕು. ಮನೆಯಲ್ಲಿರುವ ಚಿಕ್ಕ ಕೈಗನ್ನಡಿಯನ್ನು ಫೈರ್‌ವಾಲ್ ಪಕ್ಕಕ್ಕೆ ಹಿಡಿದು, ತಲೆಗೆ ಕಟ್ಟುವ ಟಾರ್ಚಿನ ಬೆಳಕು ಬಿಡಿ. ಬಿಚ್ಚುವಾಗಲೇ ಮುರಿದಿದ್ದರೆ ಮುಖವೆಲ್ಲ ಒಂದೇ ಬಣ್ಣದ ಹೊಸ ಉಕ್ಕಿನಂತೆ ಹೊಳೆಯುತ್ತದೆ, ಸುಳಿ ಸುತ್ತಿದ ಗುರುತೂ ಇರುತ್ತದೆ. ಅರ್ಧ ಕಪ್ಪಗೆ ಅಥವಾ ಕಂದಾಗಿ, ಅರ್ಧ ಮಾತ್ರ ಹೊಳೆಯುತ್ತಿದ್ದರೆ ಅದು ಮೊದಲೇ ಬಿರುಕುಬಿಟ್ಟು ಕೂತಿತ್ತು ಎಂದರ್ಥ. ನಿಮ್ಮ ವಿಚಾರದಲ್ಲಿ ಎರಡನೆಯದಾಗಿರುವ ಸಾಧ್ಯತೆ ಹೆಚ್ಚು. ಮ್ಯಾನಿಫೋಲ್ಡ್ ಹೆಡ್ಡಿಗಿಂತ ಬಹಳ ಹೆಚ್ಚು ಬಿಸಿಯಾಗುತ್ತದೆ. 400 ಮಿಲಿಮೀಟರ್ ಉದ್ದದ ಎರಕದ ಕಬ್ಬಿಣವು 400 ಡಿಗ್ರಿಯಷ್ಟು ಬಿಸಿಯೇರಿದರೆ ಒಂದೂವರೆ ಮಿಲಿಮೀಟರಿಗೂ ಸ್ವಲ್ಪ ಹೆಚ್ಚು ಉದ್ದವಾಗುತ್ತದೆ, ಹೆಡ್ ಅಷ್ಟು ಬೆಳೆಯುವುದಿಲ್ಲ. ಆ ವ್ಯತ್ಯಾಸದ ಎಳೆದಾಟವೆಲ್ಲ ಎರಡು ತುದಿಯ ಸ್ಟಡ್ಡುಗಳ ಮೇಲೆ ಬೀಳುವುದರಿಂದ, ಎಂಜಿನ್ ಬಿಸಿಯಾಗಿ ತಣಿದಾಗಲೆಲ್ಲ ಅವು ಅತ್ತಿತ್ತ ಬಾಗುತ್ತಲೇ ಇರುತ್ತವೆ. ಕೈಗೆ ಎಟುಕದ ಮೂಲೆಯ ಸ್ಟಡ್ಡೇ ಏಕೆ ಮುರಿಯುತ್ತದೆ, ಎದುರಿಗಿರುವುದು ಏಕೆ ಮುರಿಯುವುದಿಲ್ಲ ಎಂದು ನನ್ನ ಹುಡುಗರು ಗೊಣಗುವುದುಂಟು. ಕಾರಣ ಇಷ್ಟೇ.

ಇನ್ನೊಂದು ಪರೀಕ್ಷೆಯನ್ನೂ ತಪ್ಪದೆ ಮಾಡಿ. ಈ ಎಂಜಿನ್ನಿನ ಥ್ರೆಡ್ಡುಗಳು ಇಂಚಿನ ಲೆಕ್ಕದವು. ಸ್ಟಡ್ ಹೆಡ್ಡಿನೊಳಗೆ ಹೋಗುವ ತುದಿಗೆ ಇಂಚಿಗೆ 18 ಸುತ್ತು, ನಟ್ ಕೂರುವ ತುದಿಗೆ 24 ಸುತ್ತು. ನಮ್ಮ ಕಡೆಯ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು 8 ಎಂಎಂ ಮೆಟ್ರಿಕ್ ಸ್ಟಡ್, ಅದರ ಸುತ್ತಿನ ಅಂತರ 1.25 ಮಿಲಿಮೀಟರ್. 18 ಸುತ್ತಿನ ಇಂಚಿನ ಥ್ರೆಡ್ಡಿನ ಅಂತರ 1.41 ಮಿಲಿಮೀಟರ್. ದಪ್ಪ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ 8 ಎಂಎಂ ಸ್ಟಡ್ ಇಂಚಿನ ತೂತಿನಲ್ಲಿ ಒಂದೆರಡು ಸುತ್ತು ಒಳಗೆ ಹೋಗಿ ಬಿಗಿಯುತ್ತದೆ. ಪೈಪು ಹಾಕಿ ಒತ್ತಾಯಿಸಿದರೆ ಇನ್ನೂ ಎರಡು ಸುತ್ತು ಹೋಗುತ್ತದೆ. ಸುಮಾರು ಐವತ್ತು ವರ್ಷದ ಕಾರಿನಲ್ಲಿ ಯಾರೋ ಒಬ್ಬರು ಎಂದೋ ಹೀಗೆ ಮಾಡಿರುವ ಸಂಭವವನ್ನು ತಳ್ಳಿಹಾಕುವಂತಿಲ್ಲ. ಉಳಿದ ಸ್ಟಡ್ಡುಗಳ ನಟ್ಟುಗಳನ್ನು ನೋಡಿ: ಅರ್ಧ ಇಂಚಿನ ಪಾನಾ ಸರಿಯಾಗಿ ಕೂತರೆ ಮೂಲದ್ದು, 13 ನಂಬರಿನದು ಕೂತರೆ ಬದಲಿಸಿದ್ದು. ಅರ್ಧ ಇಂಚು ಎಂದರೆ 12.7 ಮಿಲಿಮೀಟರ್, ಆದ್ದರಿಂದ 13 ನಂಬರಿನ ಪಾನಾ ಮೂಲದ ನಟ್ಟಿಗೂ ಹಿಡಿದಂತೆ ಕಾಣುತ್ತದೆ, ಆದರೆ ಬಲ ಬಿದ್ದಾಗ ಮೂಲೆಗಳನ್ನು ಉರುಟು ಮಾಡುತ್ತದೆ. ಮುರಿದ ಸ್ಟಡ್ ಮೆಟ್ರಿಕ್ ಆಗಿದ್ದರೆ ಒಳಗಿನ ಥ್ರೆಡ್ ಆಗಲೇ ಹಾಳಾಗಿದೆ ಎಂದು ತಿಳಿದು, ತೂತನ್ನು ಹೊಸದಾಗಿ ಕಟ್ಟುವ ಸಿದ್ಧತೆಯೊಂದಿಗೇ ಕೆಲಸಕ್ಕೆ ಇಳಿಯಬೇಕು.

ಈಗ ಫೈರ್‌ವಾಲ್ ಕಡೆಗೆ ಸರಿದ ತೂತಿನ ವಿಚಾರ. ಡ್ರೈವರ್ ಸೀಟಿನಲ್ಲಿ ಕುಳಿತು ನೋಡಿದರೆ ಈ ಎಂಜಿನ್ನಿನ ಕಾರ್ಬ್ಯುರೇಟರ್ ಮತ್ತು ಮ್ಯಾನಿಫೋಲ್ಡ್ ಎಡಗಡೆಗಿವೆ, ಸ್ಟಡ್ಡುಗಳೂ ಎಡಕ್ಕೆ ಚಾಚಿಕೊಂಡಿವೆ. ಹಾಗಾಗಿ ಡ್ರಿಲ್ ಯಂತ್ರವನ್ನು ಎಡ ಮಡ್ಗಾರ್ಡಿನ ಕಡೆಯಿಂದ ಹಿಡಿಯಬೇಕು, ಅದರ ಹೊಟ್ಟೆ ಫೈರ್‌ವಾಲಿಗೆ ಉಜ್ಜುವಷ್ಟು ಹತ್ತಿರ ಬರುತ್ತದೆ. ಫೈರ್‌ವಾಲ್ ಯಂತ್ರದ ಹಿಂಭಾಗವನ್ನು ಕಾರಿನ ಮುಂದಿನ ಕಡೆಗೆ ತಳ್ಳಿದಾಗ ಬಿಟ್ಟಿನ ಮೂತಿ ಹಿಂದಕ್ಕೆ, ಫೈರ್‌ವಾಲ್ ಕಡೆಗೇ ತಿರುಗುತ್ತದೆ. ನಿಮ್ಮ ಮೇಸ್ತ್ರಿಯವರ ಕೈ ನಡುಗಲಿಲ್ಲ, ಯಂತ್ರಕ್ಕೆ ನೆಟ್ಟಗೆ ನಿಲ್ಲಲು ಜಾಗವೇ ಇರಲಿಲ್ಲ. ಆದ್ದರಿಂದ ಮುಂದಿನ ಯಾವ ಉಪಾಯಕ್ಕೂ ಮೊದಲು ಜಾಗ ಮಾಡಿಕೊಳ್ಳಬೇಕು. ಇಂಥ ಕೆಲಸದಲ್ಲಿ ನನ್ನ ಸಮಯದ ಮುಕ್ಕಾಲು ಪಾಲು ಜಾಗ ಮಾಡುವುದರಲ್ಲೇ ಹೋಗುತ್ತದೆ, ಅದನ್ನು ನಾನು ದಂಡವೆಂದು ಎಣಿಸುವುದಿಲ್ಲ.

ಬಾನೆಟ್ ಪೂರ್ತಿ ಬಿಚ್ಚಿ ಪಕ್ಕಕ್ಕಿಡಿ. ಕಾರ್ಬ್ಯುರೇಟರ್, ಅದರ ಲಿಂಕುಗಳು ಮತ್ತು ಎರಡೂ ಮ್ಯಾನಿಫೋಲ್ಡುಗಳು ಹೊರಬರಲಿ. ಪೆಟ್ರೋಲ್ ಪೈಪಿನ ಬಾಯಿಗೆ ಬೋಲ್ಟು ತುರುಕಿ ಕ್ಲಿಪ್ ಬಿಗಿಯಿರಿ, ಹೆಡ್ಡಿನ ತೆರೆದ ಪೋರ್ಟುಗಳಿಗೆ ಬಟ್ಟೆ ತುಂಬಿ, ಬಟ್ಟೆಯ ತುದಿ ಹೊರಗೆ ಕಾಣುವಂತೆ ಬಿಡಿ. ಒಳಗೆ ಬಿದ್ದ ಒಂದು ಚೂರು ವಾಲ್ವಿನ ಸೀಟನ್ನು ಹಾಳುಮಾಡಬಲ್ಲುದು. ಇಷ್ಟಾದ ಮೇಲೂ ಜಾಗ ಸಾಲದಿದ್ದರೆ ಎಂಜಿನ್ನನ್ನೇ ಒಂದಿಷ್ಟು ಮುಂದಕ್ಕೆ ಎಳೆಯಬಹುದು. ರೇಡಿಯೇಟರ್ ಮತ್ತು ಫ್ಯಾನ್ ತೆಗೆದು, ಸೈಲೆನ್ಸರ್ ಪೈಪು, ಕ್ಲಚ್ಚಿನ ಜೋಡಣೆ, ಭೂಸಂಪರ್ಕದ ಪಟ್ಟಿ ಇವುಗಳನ್ನೆಲ್ಲ ಬಿಡಿಸಿ, ಸಂಪಿನ (ಎಂಜಿನ್ ಎಣ್ಣೆಯ ತಳಪಾತ್ರೆಯ) ಕೆಳಗೆ ಅಗಲವಾದ ಹಲಗೆ ಇಟ್ಟು ಜಾಕ್ ಕೊಟ್ಟು, ಎಂಜಿನ್ ಮತ್ತು ಗೇರ್‌ಬಾಕ್ಸಿನ ಮೌಂಟಿಂಗ್ ಬೋಲ್ಟುಗಳನ್ನು ಕಳಚಿದರೆ, ಪ್ರೊಪೆಲ್ಲರ್ ಶಾಫ್ಟ್ ತನ್ನ ಜಾರುವ ಸ್ಪ್ಲೈನಿನಲ್ಲಿ ಸರಿಯಲು ಅವಕಾಶವಿರುವುದರಿಂದ ಇಡೀ ಗಂಟು ಮುಂದಕ್ಕೆ ಬರುತ್ತದೆ. ಒಂದು ಇಂಚು ಬಂದರೂ ಸಾಕು. ಅರ್ಧ ದಿನದ ಕೆಲಸವಾದರೂ ಆ ಒಂದು ಇಂಚು ಆಮೇಲೆ ಪ್ರತಿ ಹೆಜ್ಜೆಯಲ್ಲೂ ನಿಮ್ಮ ಕೈ ಹಿಡಿಯುತ್ತದೆ. ಫೈರ್‌ವಾಲಿಗೆ ಕಿಂಡಿ ಕೊರೆದು ಒಳಗಿನಿಂದ ಕೆಲಸ ಮಾಡುವವರನ್ನೂ ಕಂಡಿದ್ದೇನೆ. ಅಜ್ಜನ ಕಾರಿಗೆ ಅಂಥ ಗಾಯ ಮಾಡಬೇಡಿ.

ಜಾಗವಾದ ಮೇಲೆ ಎಣ್ಣೆ ಮತ್ತು ಬಿಸಿ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಹಿಡಿಯುವುದರಿಂದ ಅದು ಥ್ರೆಡ್ಡಿನ ಸಂದಿಯಲ್ಲಿ ಬೆಣೆ ಬಡಿದಂತೆ ಕೂತಿರುತ್ತದೆ. ಸಂಡೂರು, ಹೊಸಪೇಟೆ ರಸ್ತೆಗಳಲ್ಲಿ ಓಡಾಡಿದ ಗಾಡಿಗಳಲ್ಲಿ ಅದಿರಿನ ಕೆಂಪು ದೂಳು ಎಂಜಿನ್ ಎಣ್ಣೆಯೊಡನೆ ಬೆರೆತು, ಸುಟ್ಟು, ಸ್ಟಡ್ಡಿನ ಬುಡದಲ್ಲಿ ಒಣಗಿದ ಗಾರೆಯಂತೆ ಕಟ್ಟಿಕೊಂಡಿರುತ್ತದೆ. ಮೊದಲು ಅದನ್ನು ತಂತಿ ಬ್ರಷ್ಷಿನಿಂದ ಕೆರೆದು ತೆಗೆಯದಿದ್ದರೆ ಎಣ್ಣೆ ಹಾಕಿಯೂ ಉಪಯೋಗವಿಲ್ಲ. ಆಮೇಲೆ ತುಕ್ಕು ಸಡಿಲಿಸುವ ಯಾವುದಾದರೂ ಎಣ್ಣೆಯನ್ನು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಎರಡು ದಿನ ಹಾಕಿ. ಪ್ರತಿ ಸಲವೂ ಸ್ಟಡ್ಡಿನ ಮುಖಕ್ಕೆ ಚಪ್ಪಟೆ ಪಂಚ್ ಇಟ್ಟು ಸಣ್ಣ ಸುತ್ತಿಗೆಯಿಂದ ಹತ್ತಿಪ್ಪತ್ತು ಹದವಾದ ಏಟು ಕೊಡಿ, ತುಕ್ಕಿನ ಪದರಕ್ಕೆ ಬಿರುಕು ಬಿಟ್ಟಷ್ಟೂ ಎಣ್ಣೆಗೆ ದಾರಿಯಾಗುತ್ತದೆ. ಸೀಮೆ ಎಣ್ಣೆ ಮತ್ತು ತೆಳು ಎಂಜಿನ್ ಎಣ್ಣೆಯ ಮಿಶ್ರಣವೂ ನಡೆಯುತ್ತದೆ. ಆದರೆ ಎಣ್ಣೆಯೊಂದೇ ನಿಮ್ಮ ಕೆಲಸ ಮುಗಿಸುತ್ತದೆ ಎಂಬ ಭರವಸೆಯನ್ನು ನಾನು ಕೊಡಲಾರೆ. ಕೆಲಸ ಮಾಡುವುದು ಬಿಸಿ, ಅದರಲ್ಲೂ ಸ್ಟಡ್ಡಿನ ಒಳಗಿನಿಂದ ಹುಟ್ಟುವ ಬಿಸಿ.

ಗ್ಯಾಸ್ ಟಾರ್ಚಿನಿಂದ ಸುತ್ತಲಿನ ಹೆಡ್ಡನ್ನು ಕಾಯಿಸುವುದು ಹಳೆಯ ಪದ್ಧತಿ, ಹೆಡ್ ಮೇಜಿನ ಮೇಲಿದ್ದರೆ ಅದು ಒಳ್ಳೆಯದೇ. ಕಾರಿನ ಮೇಲಿರುವಾಗ ಪಕ್ಕದಲ್ಲಿ ವೈರುಗಳಿವೆ, ಪೆಟ್ರೋಲಿನ ಆವಿಯಿದೆ, ಎರಕದ ಕಬ್ಬಿಣವನ್ನು ಒಂದೇ ಕಡೆ ಅತಿಯಾಗಿ ಕಾಯಿಸಿದರೆ ಬಿರುಕಿನ ಭಯವೂ ಇದೆ. ಮುರಿದ ಸ್ಟಡ್ಡಿನ ಮೇಲೆ ನಟ್ ಇಟ್ಟು ವೆಲ್ಡ್ ಮಾಡುವ ಉಪಾಯದಲ್ಲಿ ಇದು ತಲೆಕೆಳಗಾಗುತ್ತದೆ. ವೆಲ್ಡಿಂಗಿನ ಬಿಸಿಗೆ ಸ್ಟಡ್ಡಷ್ಟೇ ಕ್ಷಣಾರ್ಧದಲ್ಲಿ ಕೆಂಪಾಗಿ ಹಿಗ್ಗುತ್ತದೆ. ಸುತ್ತಲಿನ ತಣ್ಣನೆಯ ಹೆಡ್ ಅದನ್ನು ಹಿಗ್ಗಗೊಡದೆ ಅಮುಕುವುದರಿಂದ ನಡುವಿನ ತುಕ್ಕು ಪುಡಿಯಾಗುತ್ತದೆ, ಸ್ಟಡ್ ತಣಿದು ಕುಗ್ಗಿದಾಗ ಒಂದು ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಜೊತೆಗೆ ಹಿಡಿಯಲು ಒಂದು ನಟ್ಟೂ ಸಿಕ್ಕಿತು. ಬಿಸಿ ಮತ್ತು ಹಿಡಿತ ಎರಡೂ ಒಂದೇ ಏಟಿಗೆ ಸಿಗುವ ಇನ್ನೊಂದು ವಿಧಾನ ನನಗೆ ಗೊತ್ತಿಲ್ಲ. ನಿಮ್ಮ ಮೇಸ್ತ್ರಿಯವರು ಹೊಡೆದ ಅಡ್ಡಾದಿಡ್ಡಿ ತೂತು ಇಲ್ಲಿ ಅಡ್ಡಿಯಾಗುವುದಿಲ್ಲ, ವೆಲ್ಡಿಂಗ್ ಲೋಹ ಅದರೊಳಕ್ಕೂ ಇಳಿದು ಹಿಡಿತವನ್ನು ಗಟ್ಟಿ ಮಾಡುತ್ತದೆ.

ಮಿಗ್ ವೆಲ್ಡಿಂಗ್ ಸಿಕ್ಕಿದರೆ ಉತ್ತಮ. ಸಿಗದಿದ್ದರೆ ಆರ್ಕ್ ವೆಲ್ಡಿಂಗಿನಲ್ಲಿ 2.5 ಎಂಎಂ ರಾಡ್ ಹಿಡಿದು, ರಾಡನ್ನು ಉದ್ದಕ್ಕೆ ಬಳಸದೆ ಚಿಕ್ಕ ಚಿಕ್ಕ ಟಾಕಾಗಳಲ್ಲಿ ಮೇಲೇರಿಸಬೇಕು. ವೋಲ್ಟೇಜ್ ಬಿದ್ದಿರುವ ಸಂಜೆಯ ಹೊತ್ತಿನಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ, ರಾಡ್ ಅಂಟಿಕೊಳ್ಳುತ್ತದೆ, ಲೋಹ ಬೆಸೆಯದೆ ಮೇಲ್ಮೈಯಲ್ಲಷ್ಟೇ ಕೂರುತ್ತದೆ. ಬ್ಯಾಟರಿಯ ಎರಡೂ ತುದಿಗಳನ್ನು ಬಿಚ್ಚಿ, ಡೈನಮೋ ಅಥವಾ ಆಲ್ಟರ್ನೇಟರಿನ ವೈರುಗಳನ್ನು ತೆಗೆದು, ಅರ್ಥಿಂಗ್ ಕ್ಲ್ಯಾಂಪನ್ನು ಹೆಡ್ಡಿನ ಮೇಲೆಯೇ, ಸ್ಟಡ್ಡಿಗೆ ಆದಷ್ಟು ಹತ್ತಿರ ಕಚ್ಚಿಸಬೇಕು. ಫೈರ್‌ವಾಲ್ ಮತ್ತು ವೈರುಗಳಿಗೆ ಒದ್ದೆ ಗೋಣಿಚೀಲ ಹೊದಿಸಿ (ಗಂಗಾವತಿಯಲ್ಲಿ ಗೋಣಿಗೆ ಬರವೇ), ಆದರೆ ಆ ನೀರು ಬಿಸಿ ಹೆಡ್ಡಿನ ಮೇಲೆ ತೊಟ್ಟಿಕ್ಕದಂತೆ ನೋಡಿಕೊಳ್ಳಿ. ಒಬ್ಬರು ಮರಳಿನ ಬಕೆಟ್ಟಿನೊಂದಿಗೆ ಪಕ್ಕದಲ್ಲೇ ನಿಂತಿರಲಿ. ಪೆಟ್ರೋಲ್ ವಾಸನೆ ಒಂದಿಷ್ಟು ಬಂದರೂ ಕೆಲಸ ನಿಲ್ಲಿಸಿ.

ಸ್ಟಡ್ ಹೆಡ್ಡಿನ ಮಟ್ಟಕ್ಕಿರುವುದರಿಂದ ಮೊದಲು ಅದರ ಮೇಲೆ ಒಂದೆರಡು ಟಾಕಾ ಕೊಟ್ಟು 3 ಮಿಲಿಮೀಟರಿನಷ್ಟು ಎತ್ತರ ಬೆಳೆಸಬೇಕು. ಈ ಹೊತ್ತಿಗೆ ಲೋಹ ಪಕ್ಕದ ಎರಕದ ಕಬ್ಬಿಣಕ್ಕೆ ಹಬ್ಬದಂತೆ ತಡೆಯಲು ಒಳಅಳತೆ 8 ಎಂಎಂ ಇರುವ ತಾಮ್ರದ ಕೊಳವೆಯ ಚೂರನ್ನು ಸ್ಟಡ್ಡಿನ ಸುತ್ತ ಬಳೆಯಂತೆ ಇಡುವುದು ನನ್ನ ರೂಢಿ. ಉಕ್ಕಿನ ವೆಲ್ಡಿಂಗ್ ತಾಮ್ರಕ್ಕೆ ಸುಲಭವಾಗಿ ಅಂಟುವುದಿಲ್ಲ. ಪ್ರತಿ ಟಾಕಾದ ನಂತರ ಮೇಲಿನ ಸ್ಲ್ಯಾಗನ್ನು ಪೂರ್ತಿ ಕೆರೆದು ತೆಗೆಯಿರಿ. ಆಮೇಲೆ ವಾಷರ್, ಅದರ ಮೇಲೆ ನಟ್ ಇಟ್ಟು, ನಟ್ಟಿನ ಹೊಟ್ಟೆಯೊಳಗಿನಿಂದ ಬೆಸೆದು ತುಂಬಬೇಕು. ನಟ್ಟಿಗೆ ಸತುವಿನ ಲೇಪವಿದ್ದರೆ ಅದರ ಬಿಳಿ ಹೊಗೆ ಎದೆಗೆ ಕೆಟ್ಟದ್ದು, ಮೊದಲೇ ಗ್ರೈಂಡರಿಗೆ ಹಿಡಿದು ಲೇಪ ತೆಗೆದುಬಿಡಿ.

ನಟ್ ಕೆಂಪಗಿರುವಾಗಲೇ ತಿರುಗಿಸಲು ಹೋಗುವುದು ಎಲ್ಲರೂ ಮಾಡುವ ತಪ್ಪು. ಆಗ ಉಕ್ಕು ಬೆಲ್ಲದಂತೆ ಮೆತ್ತಗಿರುತ್ತದೆ, ಸ್ಟಡ್ಡೂ ಹಿಗ್ಗಿ ಬಿಗಿಯಾಗಿರುತ್ತದೆ. ಕೆಂಪು ಹೋಗಿ, ಕಪ್ಪಾಗಿ, ಮೇಣದಬತ್ತಿಯನ್ನು ತಾಗಿಸಿದರೆ ಚುರ್ ಎಂದು ಕರಗಿ ಹರಿಯುವಷ್ಟು ಬಿಸಿ ಉಳಿದಾಗ, ಆ ಮೇಣವನ್ನು ಸ್ಟಡ್ಡಿನ ಬುಡಕ್ಕೆ ಹರಿಯಬಿಡಿ. ಮೇಣ ಸುಮಾರು 60 ಡಿಗ್ರಿಗೇ ನೀರಾಗುವುದರಿಂದ ಬಿಸಿ ಥ್ರೆಡ್ಡಿನ ಸಂದಿಯೊಳಕ್ಕೆ ಬತ್ತಿ ಎಣ್ಣೆ ಹೀರುವಂತೆ ನುಗ್ಗುತ್ತದೆ. ಬಿಳಿ ಹೊಗೆ ಏಳುವುದು ನಿಂತು, ನಟ್ ಕೈಗೆ ಬೆಚ್ಚಗಿನ ಹದಕ್ಕೆ ಬಂದ ಮೇಲೆ ಪಾನಾ ಹಾಕಿ, ಮೊದಲು ಬಿಗಿಯುವ ದಿಕ್ಕಿಗೆ ಒಂದಿಷ್ಟು, ಆಮೇಲೆ ಬಿಚ್ಚುವ ದಿಕ್ಕಿಗೆ ಒಂದಿಷ್ಟು, ತೊಟ್ಟಿಲು ತೂಗಿದಂತೆ ಆಡಿಸಬೇಕು. ಮೊದಲ ಅಲುಗಾಟ ಕಣ್ಣಿಗೆ ಕಾಣುವುದಿಲ್ಲ, ಪಾನಾ ಹಿಡಿದ ಅಂಗೈಗೆ ಗೊತ್ತಾಗುತ್ತದೆ: ಒಣ ಕೀಲು ಕಿರುಗುಟ್ಟಿದಂತೆ ಒಂದು ಸಣ್ಣ ಮಿಡಿತ. ಆಗ ಆಸೆಬುರುಕರಾಗಿ ಒಂದೇ ಸಮನೆ ಬಿಚ್ಚಲು ಹೋಗಬೇಡಿ. ಕಾಲು ಸುತ್ತು ಹೊರಗೆ, ಅರ್ಧ ಪಾಲು ಒಳಗೆ, ನಡುವೆ ಎಣ್ಣೆ. ವೆಲ್ಡ್ ಕಿತ್ತುಬಂದರೆ ಬೇಸರ ಪಡಬೇಕಾಗಿಲ್ಲ, ಎರಡನೆಯ ನಟ್, ಮೂರನೆಯ ನಟ್ ಹಾಕಿ. ಪ್ರತಿ ಸಲದ ಬಿಸಿಯೂ ತುಕ್ಕನ್ನು ಇನ್ನಷ್ಟು ಒಡೆಯುತ್ತದೆ. ಐದನೆಯ ನಟ್ಟಿಗೆ ಬಂದ ಸ್ಟಡ್ಡುಗಳನ್ನು ನಾನು ಕಂಡಿದ್ದೇನೆ. ಬೇಗ ತಣಿಯಲೆಂದು ನೀರು ಹಾಕುವ ಕೆಲಸ ಮಾತ್ರ ಎಂದಿಗೂ ಬೇಡ, ಹೆಡ್ ಸೀಳುತ್ತದೆ.

ಐದಾರು ಸಲದ ನಂತರವೂ ಬಾರದಿದ್ದರೆ ಆಗ ಡ್ರಿಲ್, ಆದರೆ ಬರಿಗೈಯಲ್ಲಿ ಅಲ್ಲ. ಗಂಗಾವತಿಯ ಅಕ್ಕಿ ಗಿರಣಿಗಳಿಗೆ ಕೆಲಸ ಮಾಡಿಕೊಡುವ ಲೇತ್ ಅಂಗಡಿಗಳು ನಿಮ್ಮ ಊರಲ್ಲೇ ಇವೆ, ಅಲ್ಲಿಗೆ ಹೋಗಿ 12 ಎಂಎಂ ದಪ್ಪದ ಪಟ್ಟಿ ಕಬ್ಬಿಣದಲ್ಲಿ ಎರಡು ತೂತು ಹಾಕಿಸಿ. ಒಂದು ಪಕ್ಕದ ಗಟ್ಟಿ ಸ್ಟಡ್ಡಿನ ಮೇಲೆ ಸರಿಯಾಗಿ ಕೂರುವಂಥದ್ದು, ಇನ್ನೊಂದು 12 ಎಂಎಂನದು. ಎರಡರ ನಡುವಿನ ಅಂತರವನ್ನು ಹೆಡ್ಡಿನ ಮೇಲೆಯೇ ವರ್ನಿಯರಿನಿಂದ ಅಳೆದುಕೊಳ್ಳಿ. ಗ್ಯಾಸ್ಕೆಟ್ಟಿನ ತೂತುಗಳು ಸಡಿಲವಾಗಿರುವುದರಿಂದ ಆ ಅಳತೆಯನ್ನು ನಂಬಬೇಡಿ. 12 ಎಂಎಂ ತೂತಿಗೆ ಹೊಂದುವ ನಾಲ್ಕು ಬುಷ್‌ಗಳನ್ನು ಕಡೆಸಿ: ಒಂದು ಗಟ್ಟಿಯಾಗಿದ್ದು ತುದಿ ಮೊನಚಾಗಿರಲಿ, ಉಳಿದವಕ್ಕೆ ನಡುವೆ 3, 5 ಮತ್ತು 6.5 ಮಿಲಿಮೀಟರಿನ ತೂತುಗಳಿರಲಿ. ಪಟ್ಟಿಯನ್ನು ಪಕ್ಕದ ಸ್ಟಡ್ಡಿಗೆ ಹಾಕಿ, ಮೊನಚು ಬುಷ್‌ನ ತುದಿ ಮುರಿದ ಸ್ಟಡ್ಡಿನ ನಡುವಿಗೆ ಬರುವವರೆಗೆ ಕನ್ನಡಿಯಲ್ಲಿ ನೋಡುತ್ತ ಆಡಿಸಿ, ನಟ್ ಬಿಗಿಯಿರಿ. ಇನ್ನು ಬಿಟ್ಟು ಎಲ್ಲಿಗೂ ಜಾರಲಾರದು, ಯಂತ್ರ ಓರೆಯಾಗಿ ನಿಂತರೂ ಬುಷ್ ಅದನ್ನು ನೆಟ್ಟಗೆ ಹಿಡಿಯುತ್ತದೆ. ಯಂತ್ರಕ್ಕೆ ಲಂಬಕೋನದ ಮೂತಿ ಸಿಕ್ಕಿದರೆ ಅದನ್ನೇ ಬಳಸಿ, ಅದರ ಮೈ ಫೈರ್‌ವಾಲಿಗೆ ಸಮನಾಗಿ ಮೇಲಕ್ಕೆ ನಿಲ್ಲುತ್ತದೆ. ಎಡಸುತ್ತಿನ ಡ್ರಿಲ್ ಬಿಟ್ಟು ದೊರೆತರೆ ಇನ್ನೂ ಒಳ್ಳೆಯದು, ಕೊರೆಯುವ ಬಲವೇ ಬಿಚ್ಚುವ ದಿಕ್ಕಿಗಿರುವುದರಿಂದ ಕೆಲವೊಮ್ಮೆ 5 ಎಂಎಂ ದಾಟುವಷ್ಟರಲ್ಲಿ ಸ್ಟಡ್ ತಾನೇ ತಿರುಗಿ ಹೊರಬರುತ್ತದೆ.

ವೆಲ್ಡಿಂಗ್ ಲೋಹ ಹಳೆಯ ತೂತನ್ನು ತುಂಬಿರದಿದ್ದರೆ ಒಂದು ತೊಡಕಿದೆ. ಸಾಮಾನ್ಯ ಬಿಟ್ಟಿನ ಮೊನೆ ಹಳೆಯ ತೂತಿನ ಕಡೆಗೇ ಎಳೆಯುತ್ತದೆ. ಆಗ ತುದಿ ಚಪ್ಪಟೆಯಾಗಿರುವ 5 ಎಂಎಂ ಎಂಡ್ ಮಿಲ್ ಕಟ್ಟರನ್ನು ಬುಷ್ ಮೂಲಕ ಇಳಿಸಿ ಹೊಸ ನಡುವನ್ನು ಮಾಡಿಕೊಂಡು, ಆಮೇಲೆ ಬಿಟ್ಟಿಗೆ ಮರಳಬೇಕು. ಆಳವನ್ನು ಪಕ್ಕದ ಸ್ಟಡ್ಡಿನ ಒಳಭಾಗದ ಉದ್ದಕ್ಕೆ ಸರಿಯಾಗಿ ಬಿಟ್ಟಿಗೆ ಟೇಪು ಸುತ್ತಿ ಗುರುತು ಮಾಡಿ, ಅದಕ್ಕಿಂತ ಒಳಗೆ ಹೋಗಬೇಡಿ. ಹೆಡ್ಡಿನ ಒಳಗೆ ನೀರು ಹರಿಯುವ ಪೊಳ್ಳುಗಳಿವೆ. 6.5 ಮಿಲಿಮೀಟರಿಗೆ ಬಂದಾಗ ಸ್ಟಡ್ಡಿನಲ್ಲಿ ಉಳಿಯುವುದು ಥ್ರೆಡ್ಡಿನ ಸುರುಳಿಯಷ್ಟೇ. ಚೂಪಾದ ಮೊಳೆಯಿಂದ ಅದರ ತುದಿ ಎತ್ತಿ ಎಳೆದರೆ ಸ್ಪ್ರಿಂಗಿನಂತೆ ಬರುತ್ತದೆ, ಉಳಿದದ್ದನ್ನು 5/16ರ 18 ಸುತ್ತಿನ ಟ್ಯಾಪ್ ಹೊಡೆದು ಶುಚಿ ಮಾಡಬೇಕು.

ಥ್ರೆಡ್ ಕೆಟ್ಟಿದ್ದರೆ ತೂತನ್ನು 8.3 ಮಿಲಿಮೀಟರಿಗೆ ಹಿಗ್ಗಿಸಿ ಹೆಲಿಕಾಯಿಲ್ (ಹೊಸ ಥ್ರೆಡ್ಡಾಗಿ ಕೂರುವ ತಂತಿಯ ಸುರುಳಿ) ಹಾಕುವುದು ನನ್ನ ಮೊದಲ ಆಯ್ಕೆ. ಅದು ಸಿಗದಿದ್ದರೆ 8 ಮಿಲಿಮೀಟರಿಗೆ ಕೊರೆದು, 3/8 ಇಂಚಿನ 16 ಸುತ್ತಿನ ಟ್ಯಾಪ್ ಹೊಡೆದು, ಒಳಗೆ 3/8 ಹೊರಗೆ 5/16 ಇರುವ ಮೆಟ್ಟಿಲು ಸ್ಟಡ್ಡನ್ನು ಅದೇ ಲೇತಿನಲ್ಲಿ ಮಾಡಿಸಬಹುದು. ಹಿಂದಿನ ತುದಿಯಲ್ಲಿ ಗೋಡೆ ಸಾಕಷ್ಟು ದಪ್ಪವಿದೆಯೇ ಎಂದು ಮೊದಲು ನೋಡಿಕೊಳ್ಳಿ.

ಇನ್ನು ಹೆಡ್ ಇಳಿಸುವ ಮಾತು. ಹಾಗೆ ಹೇಳಿದವರನ್ನು ನಾನು ತೆಗೆದುಹಾಕುವುದಿಲ್ಲ. ಪುಶ್‌ರಾಡ್ ಎಂಜಿನ್ನಿನ ಈ ಹೆಡ್ಡನ್ನು ತಿಳಿದವರು ಅರ್ಧ ದಿನದಲ್ಲಿ ಇಳಿಸಬಲ್ಲರು. ಪಿಲ್ಲರ್ ಡ್ರಿಲ್ಲಿನ ಕೆಳಗೆ ಇಟ್ಟ ಹೆಡ್ಡಿನಲ್ಲಿ ಈ ಸ್ಟಡ್ ಒಂದು ಗಂಟೆಯ ಕೆಲಸ. ನನ್ನ ಹಿಂಜರಿಕೆಗೆ ಕಾರಣ ಬೇರೆ. ಸುಮಾರು ಐವತ್ತು ವರ್ಷದ ಹೆಡ್ ಸ್ಟಡ್ಡುಗಳೂ ಇದೇ ತುಕ್ಕಿನಲ್ಲಿ ಬೆಳೆದವು, ಅದರ ಮೇಲೆ ನಮ್ಮ ಕಡೆಯ ಬೋರ್‌ವೆಲ್ಲಿನ ಗಡುಸು ನೀರನ್ನು ರೇಡಿಯೇಟರಿನ ಮೂಲಕ ಕುಡಿದವು. ಒಂದು ಸ್ಟಡ್ ತೆಗೆಯಲು ಹೋಗಿ ಬ್ಲಾಕಿನಲ್ಲಿ ಇನ್ನೆರಡು ಮುರಿದರೆ ಲೆಕ್ಕವೇ ಬೇರೆಯಾಗುತ್ತದೆ. ಹೆಡ್ ಗ್ಯಾಸ್ಕೆಟ್ ಮೊದಲೇ ಸೋರುತ್ತಿದ್ದರೆ, ವಾಲ್ವುಗಳು ಹೇಗೂ ಉಜ್ಜಬೇಕಾದ ಸ್ಥಿತಿಯಲ್ಲಿದ್ದರೆ, ಇಲ್ಲವೇ ಮುರಿದ ಈಜಿ ಔಟ್ ಒಳಗಿದ್ದರೆ ಮಾತ್ರ ಹಿಂದೆಮುಂದೆ ನೋಡದೆ ಇಳಿಸಿ. ಇಲ್ಲವಾದರೆ ನಟ್ಟಿನ ಉಪಾಯಕ್ಕೆ ಅವಕಾಶ ಕೊಡಿ. ಪ್ರೀಮಿಯರ್ ಪದ್ಮಿನಿ ಇರುವವರು ಇದನ್ನು ಓದುತ್ತಿದ್ದರೆ ಒಂದು ಎಚ್ಚರಿಕೆ: ಆ ಹೆಡ್ ಅಲ್ಯೂಮಿನಿಯಮ್ಮಿನದು, ಅದು ಕೆಂಪಾಗದೆಯೇ 660 ಡಿಗ್ರಿ ಮುಟ್ಟುವ ಮೊದಲೇ ಕರಗಿಬಿಡುತ್ತದೆ, ಟಾರ್ಚಿನವರನ್ನು ಅದರ ಹತ್ತಿರ ಬಿಡಬೇಡಿ.

ಮರಳಿ ಜೋಡಿಸುವಾಗ ಮ್ಯಾನಿಫೋಲ್ಡಿನ ಮುಖಕ್ಕೆ ಉಕ್ಕಿನ ಸ್ಕೇಲ್ ಹಿಡಿದು ಬೆಳಕು ನೋಡಿ. ಸೊಟ್ಟಗಾಗಿದ್ದರೆ ಮುಖವನ್ನು ಯಂತ್ರದಲ್ಲಿ ಸಮತಟ್ಟು ಮಾಡಿಸಬೇಕು, ಇಲ್ಲದಿದ್ದರೆ ಹೊಸ ಸ್ಟಡ್ಡೂ ಅದೇ ಮೂಲೆಯಲ್ಲಿ ಮುರಿಯುತ್ತದೆ. ತುದಿಯ ತೂತುಗಳು ಸ್ಟಡ್ಡಿಗೆ ತಾಗುತ್ತಿದ್ದರೆ ದುಂಡು ಅರದಿಂದ ಉದ್ದುದ್ದಕ್ಕೆ ಒಂದು ಮಿಲಿಮೀಟರಿನಷ್ಟು ಹಿಗ್ಗಿಸಿ, ಮ್ಯಾನಿಫೋಲ್ಡಿಗೆ ಬೆಳೆಯಲು ಎಡೆಯಿರಲಿ. ಎಲ್ಲ ಸ್ಟಡ್ಡುಗಳನ್ನೂ ಹೊಸದಾಗಿ ಹಾಕಿ, ಹಿತ್ತಾಳೆಯ ನಟ್ಟುಗಳನ್ನು ಬಳಸಿ, ಒಳತುದಿಗೆ ತಾಮ್ರದ ಪುಡಿಯಿರುವ ಗ್ರೀಸ್ ತೆಳ್ಳಗೆ ಸವರಿ. ನಡುವಿನಿಂದ ತುದಿಗಳ ಕಡೆಗೆ ಬಿಗಿಯುತ್ತ ಹೋಗಿ, 2 ಕಿಲೋಗ್ರಾಂ ಮೀಟರಿನ ಆಸುಪಾಸಿಗೆ ನಿಲ್ಲಿಸಿ. ಎಂಜಿನ್ ಒಂದು ಸಲ ಪೂರ್ತಿ ಬಿಸಿಯಾಗಿ, ಒಂದು ರಾತ್ರಿ ತಣಿದ ಮೇಲೆ, ಅರ್ಧ ಇಂಚಿನ ಪಾನಾದಿಂದ ಎಲ್ಲ ನಟ್ಟುಗಳನ್ನು ಇನ್ನೊಮ್ಮೆ ಮುಟ್ಟಿ ನೋಡಿ. ಹೊಸ ಗ್ಯಾಸ್ಕೆಟ್ ಕೂತಿದ್ದರೆ ಒಂದೊಂದೂ ಸ್ವಲ್ಪ ಸ್ವಲ್ಪ ತಿರುಗುತ್ತದೆ.